ಅಪ್ರತಿಬದ್ಧ ಪತನದಲ್ಲಿ ಪಾಲಿಮರುಗಳ ನಿರ್ಮಾಣ

ಭೂಮಿಯನ್ನು ಸುತ್ತುವ ವ್ಯೋಮನೌಕೆಗಳಲ್ಲಿ ಗುರುತ್ವವೇ ಇಲ್ಲವೆಂದು ವೃತ್ತಪತ್ರಿಕೆಗಳಲ್ಲಿ ಬರೆಯುವ ವಾಡಿಕೆಯುಂಟು. ಈ ಮಾತು ಯಥಾರ್ಥವಾದುದಲ್ಲ. ನೆಲದಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸಂಚರಿಸುತ್ತಿರುವ ಅಂತರರಾಷ್ಟ್ರೀಯ ವ್ಯೋಮನಿಲಯದಲ್ಲಿ ಭೂಮಿಯ ಆಕರ್ಷಣೆಯು ನೆಲದ ಮೇಲಿರುವುದರಲ್ಲಿ ನೂರಕ್ಕೆ ಸುಮಾರು 89 ಪಾಲು ಉಳಿದೇ ಇರುವುದು. ಹಾಗಾದರೆ ಅಲ್ಲಿಯ ವಸ್ತುಗಳು ತೇಲುವುದೇಕೆ ಎಂಬ ಶಂಕೆಯುಂಟಾಗುವುದು ಸಹಜ.

ನಮ್ಮ ವೈಶೇಷಿಕರು ಗುರುತ್ವವನ್ನು ಒಂದು ಗುಣವೆಂದೆಣಿಸಿ, ಅದು ಇಂದ್ರಿಯಗೋಚರವಲ್ಲವೆಂದೂ, ಪತನರೂಪವಾದ ಕ್ರಿಯೆಯಿಂದ ಅನುಮಾನಿಸಿಯೇ ತಿಳಿಯಬೇಕಾದುದೆಂದೂ ಹೇಳಿರುವರು. ತೊಟ್ಟಿಗೆ ಅಂಟಿರುವ ಹಣ್ಣು ಬೀಳದಿರುವುದು ಗುರುತ್ವವಿಲ್ಲದ್ದರಿಂದಲ್ಲ. ತೊಟ್ಟಿನ ಸಂಯೋಗವು ಪತನಕ್ಕೆ ಪ್ರತಿಬಂಧಕವಾಗಿರುವುದರಿಂದ. ಕಣಾದ ಮಹರ್ಷಿಗಳು ನ್ಯೂಟನನ ನಿಯಮವನ್ನು ಮೊದಲೇ ಕಂಡಿದ್ದರೆಂದು ಇದರಿಂದ ಸಾಧಿಸಹೊರಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಒಂದೇ ಸಮನಾದ ಅಪಚಾರ. ಆದರೆ ಪ್ರತಿಬಂಧಕವೆಂಬ ಈ ಒಂದು ಪದವು ಪ್ರಕೃತ ವಿಷಯಕ್ಕೆ ಬಹಳ ಉಪಕಾರಿಯಾಗಿರುವುದು. ಸೆಕೆಂಡಿಗೆ ಸುಮಾರು 7.7 ಕಿಲೋಮೀಟರು ವೇಗದಿಂದ ಅಡ್ಡಲಾಗಿ ಧಾವಿಸುತ್ತಿರುವ ನೌಕೆಯು ಎಡೆಬಿಡದೆ ಭೂಮಿಯ ಕಡೆಗೆ ಬೀಳುತ್ತಲೇ ಇರುವುದು. ಒಳಗಿನ ಪಾತ್ರೆಯೂ ಪಾತ್ರೆಯೊಳಗಿನ ದ್ರವವೂ ಅದರೊಡನೆ ಸಮವೇಗದಿಂದ ಬೀಳುವುವು. ಪಾತ್ರೆಯ ತಳವು ದ್ರವವನ್ನು ತಡೆಯುವ ಪ್ರಸಕ್ತಿಯೇ ಅಲ್ಲಿ ಇಲ್ಲ. ಆದುದರಿಂದ ಈ ಅವಸ್ಥೆಯನ್ನು ‘ಅಪ್ರತಿಬದ್ಧ ಪತನ’ವೆಂದು ಕರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ‘ಸೂಕ್ಷ್ಮಗುರುತ್ವ’ವೆಂಬ ಮಾತು ಈಗಾಗಲೇ ಬಳಕೆಗೆ ಬಂದಿರುವುದು, ಅದು ಕ್ಷೀಣಿಸಿದ ಆಕರ್ಷಣೆಯನ್ನಲ್ಲ, ಕ್ಷೀಣಿಸಿದ ಭಾರಾನುಭವವನ್ನು ಹೇಳುವುದೆಂದು ತಿಳಿದುಕೊಂಡರೆ ಬಾಧಕವಿಲ್ಲ. ಎತ್ತರದ ಗೋಪುರದಿಂದ ವಸ್ತುವನ್ನು ಬೀಳಬಿಟ್ಟಾಗಲೂ ಇದೇ ಅವಸ್ಥೆಯುಂಟಾಗುವುದು. ಜರ್ಮನಿಯ ಬ್ರೆಮೆನ್ ನಗರದ ಗೋಪುರದಲ್ಲಿ 110 ಮೀಟರು ಬೀಳುವ ಪೆಟ್ಟಿಗೆಗೆ ಅದು 4.7 ಸೆಕೆಂಡುಗಳ ಕಾಲ ಲಭಿಸುವುದು. ಗಂಟೆಗಟ್ಟಲೆ ನಡೆಯಬೇಕಾದ ರಾಸಾಯನಿಕ ಕ್ರಿಯೆಗೆ ಅಷ್ಟು ಕಾಲ ಸಾಲದು. ಅದಕ್ಕೋಸ್ಕರವೇ ವ್ಯೋಮಯಾನದ ಅವಶ್ಯಕತೆ.

ಇನ್ನು ಪಾಲಿಮರೆಂಬ ಶಬ್ದ. ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಬಹು, ‘ಮೆರೋಸ್’ ಎಂದರೆ ಅಂಶ. ಒಂದೇ ಬಗೆಯ ಚಿಕ್ಕ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಸರಪಣಿಯ ಕೊಂಡಿಗಳಂತೆ ಬೆಸೆದುಕೊಂಡು ಆದ ಮಹಾಣುವೇ ಪಾಲಿಮರು. ಈ ಸರಪಣಿಯ ಸಿದ್ಧಾಂತವನ್ನು 1920ರಲ್ಲಿ ಹರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ಪಂಡಿತನು ಪ್ರತಿಪಾದಿಸಿದಾಗ ಅನೇಕ ರಸಾಯನಜ್ಞರು ಅದನ್ನು ನಂಬಲಿಲ್ಲ. 1953ರಲ್ಲಿ ಅವನಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. ಹತ್ತಿ, ರೇಷ್ಮೆ, ಮರದ ಅಂಟು ಇವು ಪ್ರಕೃತಿಯು ಮಾಡಿದ ಪಾಲಿಮರುಗಳು. ಪಾಲಿಸ್ಟೈರೀನ್, ನೈಲಾನ್ ಮುಂತಾದುವು ಮನುಷ್ಯಕೃತವಾದುವು.

ಇವುಗಳ ನಿರ್ಮಾಣದಲ್ಲಿ ಗುರುತ್ವವು ಹೇಗೆ ವಿಘ್ನವಾಗುವುದೆಂಬುದನ್ನು ತಿಳಿಯಲು ಪ್ರಯೋಗಶಾಲೆಯೇನೂ ಬೇಕಾಗಿಲ್ಲ. ಹಾನಗಲ್ಲು ತಾಲ್ಲೂಕಿನ ನಮ್ಮ ತಿಳವಳ್ಳಿಯಲ್ಲಿ ಮುಂಗಾರಿನ ಮಳೆಗೆ ಕೆರೆಗೆ ಬಂದ ಕದಡಿದ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಕ್ಷಣಮಾತ್ರದಲ್ಲಿ ತಳಕ್ಕಿಳಿಯುವುದು. ಮಣ್ಣು ಕೆಲವು ಗಳಿಗೆಗಳಲ್ಲಿ ಇಳಿಯುವುದು. ಅತಿ ನುಣುಪಾದ ಜೇಡಿಯು ಎರಡು ಮೂರು ದಿನಗಳಾದರೂ ನೀರಿನಲ್ಲಿಯೇ ನಿಂತಿರುವುದು. ಕಣದ ವ್ಯಾಸವು ಎರಡರಷ್ಟಾದರೆ ಅದು ಇಳಿಯುವ ವೇಗವು ನಾಲ್ಕರಷ್ಟಾಗುವುದೆಂದು ಸ್ಟೋಕ್ಸ್ ಎಂಬ ಗಣಿತಜ್ಞನ ನಿಯಮ. ಒಂದು ಮೈಕ್ರೋಮೀಟರಿಗಿಂತ, ಎಂದರೆ ಮಿಲಿಮೀಟರಿನ ಸಾವಿರದೊಂದು ಪಾಲಿಗಿಂತ, ಚಿಕ್ಕದಾದ ಕಣಗಳನ್ನು ನೀರಿನ ಅಣುಗಳ ನಿರಂತರ ತಾಡನವೇ ಎತ್ತಿ ಹಿಡಿದಿರುವುದು; ಅದಕ್ಕಿಂತ ದೊಡ್ಡವು ಕೆಳಗಿಳಿಯುವುವು. ನೀರಿಗಿಂತ ಹಗುರಾದುವು ಹಾಲಿನ ಕೆನೆಯಂತೆ ಮೇಲಕ್ಕೇರುವುವು.

ಈಗ ಪಾಲಿಸ್ಟೈರೀನಿನ ಗೋಲಿಗಳನ್ನು ಒಂದೇ ಅಳತೆಯಲ್ಲಿ ಮಾಡಬೇಕಾಗಿದೆಯೆಂದು ಭಾವಿಸೋಣ. ಮೊದಲು ಅತಿ ಸೂಕ್ಷ್ಮವಾದ ಬೀಜಕಣಗಳನ್ನು ನೀರಿನಲ್ಲಿ ಹರಡಿ, ಅವುಗಳಿಗೆ ಸ್ಟೈರೀನ್ ದ್ರವವನ್ನು ಉಣಿಸುವರು. ಕಣಗಳು ಅದನ್ನು ಹೀರಿ ಉಬ್ಬುವುವು. ಆಮೇಲೆ ಕಾಯಿಸಿದರೆ ಒಳಗಿನ ಸ್ಟೈರೀನ್ ಸರಪಣಿಗಟ್ಟಿ ಗಟ್ಟಿಯಾಗುವುದು. ಹೀಗೆಯೇ ಮತ್ತೆ ಮತ್ತೆ ಮಾಡಿದರೆ ಗೋಲಿಯು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವುದು. ತೊಂದರೆಯಿರುವುದು ಇಲ್ಲಿಯೇ. ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಸ್ಟೈರೀನಿನದು ಸುಮಾರು 0.91, ಪಾಲಿಸ್ಟೈರೀನಿನದು 1.05. ಆದುದರಿಂದ ಸ್ಟೈರೀನನ್ನು ಯಥೇಚ್ಛವಾಗಿ ಕುಡಿದು ಉಬ್ಬಿದ ಕಣವು ಮೊದಲು ಮೇಲಕ್ಕೇರುವುದು. ಅದೇ ಕಣವು ಪಾಕವಾದ ಬಳಿಕ ತಳಕ್ಕಿಳಿಯುವುದು. ಇದನ್ನು ತಡೆಯಬೇಕಾದರೆ ಕಲಕುತ್ತಿರಬೇಕು. ಆದರೆ ಹದವಾಗಿರುವ ಕಣವು ಮೆತ್ತಗೂ ಅಂಟಂಟಾಗಿಯೂ ಇರುವುದರಿಂದ ಜೋರಾಗಿ ಕಲಕಿದಾಗ ಒಂದಕ್ಕೊಂದು ಬಡಿದು ಕೂಡಿಕೊಳ್ಳುವುದು. ಕಡೆಗೋಲಿನ ಪೆಟ್ಟಿಗೆ ಮೊಸರಿನೊಳಗಿನ ಜಿಡ್ಡಿನ ಹನಿಗಳು ಒಂದಾಗಿ ಬೆಣ್ಣೆಯಾಗುವುದಿಲ್ಲವೆ? ಗೃಹಿಣಿಗೆ ಅದು ಇಷ್ಟಸಿದ್ಧಿ, ರಸಾಯನಜ್ಞನಿಗೆ ಅನಿಷ್ಟಪ್ರಾಪ್ತಿ. ಕಲಕದಿದ್ದರೆ ಕೆನೆ, ಕಲಕಿದರೆ ಬೆಣ್ಣೆ: ಉಭಯತಃ ಪಾಶ.

ಅಮೇರಿಕದ ಲೀಹೈ ವಿಶ್ವವಿದ್ಯಾನಿಲಯದ ಜಾನ್ ವಾಂಡರ್‌ಹಾಫ್ ಮತ್ತು ಅವರ ಸಹೋದ್ಯೋಗಿಗಳು ಈ ಪಾಶದಿಂದ ಬಿಡಿಸಿಕೊಳ್ಳಲು ಕೆಲಸವನ್ನು ವ್ಯೋಮನೌಕೆಗೆ ಸಾಗಿಸಿದರು. ತಲಾ 100 ಮಿಲಿಲೀಟರು ಹಿಡಿಯುವ ನಾಲ್ಕು ಪಾತ್ರೆಗಳುಳ್ಳ ಅವರ ಯಂತ್ರವು 1982ರ ಮಾರ್ಚಿ ತಿಂಗಳಲ್ಲಿ ‘ಕೊಲಂಬಿಯಾ’ ನೌಕೆಯಲ್ಲಿ ಮೊದಲ ಸಲ ಮೇಲೇರಿತು. 1984ರೊಳಗೆ ಇನ್ನೂ ನಾಲ್ಕು ಸಲ ಹೋಗಿಬಂದಿತು. ಅಲ್ಲಿ ಕಣಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಶಾಖವು ಸಮನಾಗಿ ಹರಡುವಷ್ಟು ಮೆಲ್ಲಗೆ ಕಲಕಿದರೆ ಸಾಕು. ಹೀಗಾದ 10 ಮೈಕ್ರೋಮೀಟರು ವ್ಯಾಸದ ಗೋಲಿಗಳನ್ನು 1985ರ ಜುಲೈ ತಿಂಗಳಲ್ಲಿ ಆ ದೇಶದ ಮಾನಕ ಸಂಸ್ಥೆಯು ಅಳತೆಯ ಮಾದರಿಗಳೆಂದು ಮಾರಾಟಕ್ಕಿಟ್ಟಿತು; ತರುವಾಯ 30 ಮೈಕ್ರೋಮೀಟರಿನ ಗೋಲಿಗಳೂ ಬಂದುವು. ವ್ಯೋಮದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟವಾದ ಮೊದಲನೆಯ ಸರಕು ಇದೇ. ಮನುಷ್ಯನ ಕೆಂಪು ರಕ್ತಕಣದ ವ್ಯಾಸವು ಏಳೆಂಟು ಮೈಕ್ರೋಮೀಟರು. ಅಂತಹ ಕಣಗಳನ್ನು ಅಳೆಯುವ, ಎಣಿಸುವ ಯಂತ್ರಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಒಂದಕ್ಕೊಂದು ಎಳ್ಳಷ್ಟೂ ಭೇದವಿಲ್ಲದ ಗೋಲಿಗಳು ಬೇಕು. ಒಡವೆ ತೂಗುವ ಅಕ್ಕಸಾಲಿಗೆ ಗುಲಗಂಜಿಯು ಹೇಗೋ ಹಾಗೆ.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾರ್ವೆ ದೇಶದ ಟ್ರಾಂಡ್‌ಹೈಮಿನ ಜಾನ್ ಉಗೆಲ್‌ಸ್ಟಾಡ್ ಎಂಬ ವಿದ್ವಾಂಸನು 1970ರ ದಶಕದಲ್ಲಿಯೇ ಇಂತಹ ಸಮಗೋಲಿಗಳನ್ನು ನೆಲದ ಮೇಲೆಯೇ ಮಾಡಿ ತೋರಿಸಿದ್ದನು. ಬೀಜಕಣಕ್ಕೆ ನೀರಿನಲ್ಲಿ ಕರಗದ ಮತ್ತೊಂದು ದ್ರವ್ಯವನ್ನು ಮೊದಲು ಸೇರಿಸಿದರೆ ಅದಕ್ಕೆ ಅಗಾಧವಾದ ದಾಹವುಂಟಾಗಿ, ತನ್ನ ಗಾತ್ರದ ನೂರು ಪಟ್ಟಿಗಿಂತಲೂ ಹೆಚ್ಚಾದ ಸ್ಟೈರೀನನ್ನು ಒಂದೇ ಸಲಕ್ಕೆ ಹೀರುವುದು, ಮೆಟ್ಟಿಲುಗಳೇ ಬೇಕಾಗಿಲ್ಲ. ಅವನ ವಿಧಾನದಿಂದಾದ, ಒಳಗೆ ಕಬ್ಬಿಣದ ಆಕ್ಸೈಡನ್ನು ತುಂಬಿದ ಗೋಲಿಗಳು ಇಂದು ಅಯಸ್ಕಾಂತದ ಸಹಾಯದಿಂದ ಜೀವಕೋಶಗಳನ್ನು ಬೇರ್ಪಡಿಸಲು ಲೋಕದಲ್ಲೆಲ್ಲಾ ಬಳಕೆಯಲ್ಲಿವೆ. ಹಾಗಾದರೆ ವ್ಯೋಮದ ಪ್ರಯಾಸವು ವ್ಯರ್ಥವಾಯಿತೆ? ಸರಕಿನ ದೃಷ್ಟಿಯಿಂದ ನೋಡಿದರೆ, ನೆಲದಲ್ಲಿ ಸುಲಭವಾಗಿ ಆಗುವುದನ್ನು ಆಕಾಶಕ್ಕೆ ಒಯ್ಯುವುದು ಅಪವ್ಯಯವೇ ಸರಿ. ಆದರೆ ಗೋಲಿಗಳು ಕೆಡುವುದಕ್ಕೆ ಗುರುತ್ವವೇ ಕಾರಣವೆಂಬುದು ಅದುವರೆಗೆ ಊಹೆಯಾಗಿದ್ದಿತು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ನೆಲದ ಮೇಲೆ ಅನ್ವಯವನ್ನು ಎಷ್ಟು ಸಲ ಬೇಕಾದರೂ ನೋಡಬಹುದು. ವ್ಯತಿರೇಕವನ್ನು ಗಂಟೆಗಟ್ಟಲೆ ನೋಡಲು ಸಾಧ್ಯವಾದುದು ನೌಕೆಯಲ್ಲಿ ಮಾತ್ರ. ಈ ಪ್ರಯೋಗದ ಮುಖ್ಯಪ್ರಯೋಜನವು ಇದೇ ಎಂದು ನಾವು ಭಾವಿಸುವೆವು.

ಎಲ್ಲ ಪಾಲಿಮರು ಕಾರ್ಯಗಳಿಗೂ ಗುರುತ್ವವು ವಿಘ್ನವಲ್ಲವೆಂಬುದಕ್ಕೂ ನಿದರ್ಶನವುಂಟು. 2014ರ ನವೆಂಬರಿನಲ್ಲಿ ವ್ಯೋಮನಿಲಯದೊಳಗೆ ಒಂದು ಯಂತ್ರವು ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಪದರದ ಮೇಲೆ ಪದರವನ್ನು ಹಾಕಿ ತನ್ನದೇ ಒಂದು ಭಾಗವನ್ನು ಮುದ್ರಿಸಿತು. ಅಲ್ಲಿ ಮಾಡಿದ ತುಂಡುಗಳನ್ನು ಕೆಳಗೆ ತಂದು ನೆಲದ ತುಂಡುಗಳೊಡನೆ ಹೋಲಿಸಿದಾಗ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಇದು ಆಶ್ಚರ್ಯವಲ್ಲ. ಕರಗಿದ ಪ್ಲಾಸ್ಟಿಕ್ಕು ಆರಿದ ಬೆಲ್ಲದ ಪಾಕಕ್ಕಿಂತಲೂ ಮಂದವಾದುದು. ಅದು ತನ್ನ ಭಾರದಿಂದ ಹರಿಯುವಷ್ಟರೊಳಗಾಗಿ ಗಟ್ಟಿಯಾಗಿ ಬಿಡುವುದು.

ನಮ್ಮ ನಾಡಿನಲ್ಲಿ ಈ ದಿಕ್ಕಿನಲ್ಲಿ ನಡೆದ ಪ್ರಯತ್ನಗಳಲ್ಲಿ ಎರಡನ್ನು ಹೇಳಬೇಕು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಇಸ್ರೋ ಸಂಸ್ಥೆಯು 2007ರ ಜನವರಿ 10ರಂದು ಶ್ರೀಹರಿಕೋಟೆಯಿಂದ 550 ಕಿಲೋಗ್ರಾಮಿನ ಒಂದು ಕೋಶವನ್ನು ಕಕ್ಷೆಗೆ ಕಳುಹಿಸಿ, ಅದೇ ತಿಂಗಳ 22ರಂದು ಬಂಗಾಳಕೊಲ್ಲಿಯಲ್ಲಿ ಇಳಿಸಿ ಹಿಂದಕ್ಕೆ ಪಡೆಯಿತು. ಅದರೊಳಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರವೂ ಸೇರಿ ರಚಿಸಿದ ಕುಲುಮೆಯಿದ್ದಿತು. ಅದರಲ್ಲಿ ಕರಗಿ ಸ್ಫಟಿಕವಾದುದು ಲೋಹ, ಪಾಲಿಮರಲ್ಲ. ಆದರೆ ಕರಗಿದ ದ್ರವದಲ್ಲಿ ಬಿಸಿಭಾಗವು ಮೇಲೇರಿ ತಣ್ಣನೆಯ ಭಾಗವು ಕೆಳಗಿಳಿಯುವ ಸುಳಿಯನ್ನು ತಪ್ಪಿಸಬೇಕೆಂಬ ಹೇತುವು ಒಂದೇ.

ಎರಡನೆಯದು ಚಂದ್ರನಿಗೆ ಸಂಬಂಧಿಸಿದುದು. ಅಲ್ಲಿಯ ಗುರುತ್ವವು ನಿಜವಾಗಿಯೇ ಇಲ್ಲಿಯದರ ಆರನೆಯ ಒಂದು ಪಾಲು. ವಿಜ್ಞಾನ ಮಂದಿರ ಮತ್ತು ಇಸ್ರೋದ ವಿದ್ವಾಂಸರು ಚಂದ್ರನ ಮಣ್ಣನ್ನು ಹೋಲುವ ಹುಡಿಗೆ ಯೂರಿಯಾವನ್ನೂ ಒಂದು ಬಗೆಯ ಬ್ಯಾಕ್ಟೀರಿಯವನ್ನೂ ಬೆರಸಿ, ಸುಡದೆಯೇ ಇಟ್ಟಿಗೆಯಂತಹ ಗಟ್ಟಿಯನ್ನು ಮಾಡಿದ ಸಂಗತಿಯು 2020ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯವು ಸುಣ್ಣದ ಕಾರ್ಬೊನೇಟನ್ನು ಹುಟ್ಟಿಸಿ ಕಣಗಳನ್ನು ಬೆಸೆಯುವುದು. ಆ ಬೆಸುಗೆಗೆ ಬಲವನ್ನು ಹೆಚ್ಚಿಸಲು ಸೇರಿಸಿದುದು ಗ್ವಾರ್ ಅಂಟು, ಅಂದರೆ ನಾವು ಪಲ್ಯಕ್ಕೆ ಬಳಸುವ ಚವಳಿಕಾಯಿಯ ಬೀಜದ ಗೋಂದು. ಮ್ಯಾನೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಣಿಗೆ ಅಲ್ಲಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆಯು ಕೊಂಬೆಯಂತೆ ತಗಲಿಕೊಂಡಿರುವ ಪಾಲಿಮರು ಅದು. ಈ ಪ್ರಯೋಗವು ನಡೆದುದು ಬೆಂಗಳೂರಿನ ನೆಲದ ಮೇಲೆ, ಪೂರ್ಣಗುರುತ್ವದಲ್ಲಿ. ಆರನೆಯ ಒಂದು ಪಾಲು ಗುರುತ್ವದಲ್ಲಿ ಅಂಟಿನ ದ್ರವವು ಹುಡಿಯೊಳಗೆ ಅದೇ ರೀತಿ ಇಳಿದು ಹರಡುವುದೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕಾಗುವುದು.