ನಿಮಗಿದು ಗೊತ್ತೆ? ಆರೈಕೆ ಹೆಚ್ಚಾದರೆ ಬಿದಿರಿನ ಮಣ್ಣು ಬಡವಾಗುತ್ತದೆ!
ಬಿದಿರು ಗಾಳಿಯ ಇಂಗಾಲವನ್ನು ಬಲು ಬೇಗ ಹೀರಿಕೊಳ್ಳುತ್ತದೆ. ಆದರೂ ಅತಿಯಾಗಿ ಆರೈಕೆ ಮಾಡಿದ ಬಿದಿರುತೋಪಿನ ಮಣ್ಣು ತನ್ನಲ್ಲಿರುವ ಇಂಗಾಲವನ್ನೇ ಕಳೆದುಕೊಳ್ಳಬಹುದು. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೋಸೊ ಬಿದಿರಿನಲ್ಲಿ ಇದು ಕಂಡುಬಂದಿದೆ.

ಕಳಲೆ ಮತ್ತು ಬೊಂಬಿನ ಇಳುವರಿಗಾಗಿ ಅಲ್ಲಿ ನೆಲವನ್ನು ಆಳವಾಗಿ ಅಗೆದು, ರಸಗೊಬ್ಬರ ಹಾಕಿ, ಅಡಿಯ ಗಿಡಗಂಟಿಗಳನ್ನೆಲ್ಲ ಸವರುತ್ತಾರೆ. ಅಗೆದ ಮಣ್ಣಿಗೆ ಗಾಳಿ ಹೊಕ್ಕಾಗ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಬೇಗ ಕೊಳೆಸುತ್ತವೆ. ಅದರ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಗಿಡಗಂಟಿ ಇಲ್ಲದ್ದರಿಂದ ನೆಲಕ್ಕೆ ಬೀಳುವ ತರಗೂ ಕಡಿಮೆ.

ಅದೇ ಪ್ರಾಂತ್ಯದ ಲೇ ಬಿದಿರಿನದು ಇನ್ನೂ ವಿಚಿತ್ರ. ಚಳಿಗಾಲದಲ್ಲಿ ತೋಪಿನ ನೆಲಕ್ಕೆ ಭತ್ತದ ಹುಲ್ಲು, ಹೊಟ್ಟು ದಪ್ಪಗೆ ಹೊದಿಸುತ್ತಾರೆ. ಅವು ಕೊಳೆಯುವ ಕಾವಿಗೆ ಕಳಲೆ ಅವಧಿಗೆ ಮೊದಲೇ ಮೊಳೆತು, ಚೀನೀ ಹೊಸವರ್ಷದ ಹೊತ್ತಿಗೆ ಒಳ್ಳೆಯ ಬೆಲೆ ತರುತ್ತದೆ. ಇಲ್ಲಿ ಮಣ್ಣಿನ ಇಂಗಾಲ ಹೆಚ್ಚುತ್ತದೆ, ಆದರೆ ಆರೋಗ್ಯ ಕೆಡುತ್ತದೆ! ವಿಪರೀತ ರಸಗೊಬ್ಬರವೂ ಸೇರಿ ಮಣ್ಣು ಹುಳಿಯಾಗುತ್ತದೆ. ನೆಲದೊಳಗೆ ಹರಡಬೇಕಾದ ಕಾಂಡಗಳು ಮೇಲ್ಪದರಕ್ಕೆ ಏರುತ್ತವೆ. ಕೆಲವೇ ವರ್ಷಗಳಲ್ಲಿ ತೋಪು ಸೊರಗುತ್ತದೆ. ಹೊದಿಕೆಗೆ ಬಿಡುವು ಕೊಟ್ಟು, ಮಣ್ಣಿಗೆ ಸುಣ್ಣ ಹಾಕುವುದು ಇದಕ್ಕೆ ಚಿಕಿತ್ಸೆ.