ಕಾರಿನ ಎಸಿ ತಣ್ಣಗಾಗ್ತಿಲ್ವಾ? ‘ಗ್ಯಾಸ್ ಹಾಕ್ಸಿ’ ಅನ್ನೋ ಮುಂಚೆ ಸ್ವಲ್ಪ ತಾಳಿ

ಮಾರ್ಚ್ ಬಂತು ಅಂದರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಕ್ ಕಾರು ಮಾಲೀಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಚಾರ್ಜಿಂಗ್ ಪಾಯಿಂಟಿನ ಜಗಳ ಹಿಂದಕ್ಕೆ ಸರಿದು ಎಸಿ ಪುರಾಣ ಶುರುವಾಗುತ್ತದೆ. ‘ಯಾಕೋ ಕೂಲಿಂಗ್ ಕಮ್ಮಿ ಆಗಿದೆ, ಒಳ್ಳೆ ಮೆಕ್ಯಾನಿಕ್ ನಂಬರ್ ಇದ್ರೆ ಕೊಡಿ’ ಎಂದು ಒಬ್ಬರು ಕೇಳಿದರೆ ಐದೇ ನಿಮಿಷದಲ್ಲಿ ಸಾಲು ಸಾಲು ಉತ್ತರ. ಎಲ್ಲದರ ಸಾರ ಒಂದೇ: ‘ಗ್ಯಾಸ್ ಹಾಕ್ಸಿ ಸಾರ್, ಸರಿ ಹೋಗುತ್ತೆ.’

ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ಮಾತು ಹೇಗೋ ನಡೆದುಹೋಗುತ್ತಿತ್ತು. ರಸ್ತೆ ಬದಿಯ ಎಸಿ ಅಂಗಡಿಯಲ್ಲಿ ಕಾರು ನಿಲ್ಲಿಸಿ, ಪಕ್ಕದಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಗ್ಯಾಸ್ ತುಂಬಿರುತ್ತಿತ್ತು; ಒಂದು ಬೇಸಿಗೆ ಕಳೆಯುತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಹೀಗೆ ಕಣ್ಣುಮುಚ್ಚಿ ಗ್ಯಾಸ್ ಹಾಕಿಸಿದರೆ ಎಸಿ ಮಾತ್ರವಲ್ಲ, ಕಾರೇ ಸ್ಟಾರ್ಟ್ ಆಗದೆ ನಿಲ್ಲಬಹುದು. ಯಾಕೆ ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ.

ಬೆಲ್ಟ್ ಇಲ್ಲದ ಕಂಪ್ರೆಸರ್

ಹಳೇ ಕಾರಿನಲ್ಲಿ ಎಸಿ ಕಂಪ್ರೆಸರನ್ನು ಇಂಜಿನ್ ಬೆಲ್ಟ್ ಮೂಲಕ ತಿರುಗಿಸುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಇಂಜಿನ್ನೇ ಇಲ್ಲ. ಆದ್ದರಿಂದ ಕಂಪ್ರೆಸರ್ ಒಳಗೇ ಒಂದು ಮೋಟರ್ ಕೂತಿರುತ್ತದೆ. ಕಾರು ಓಡಿಸುವ ದೊಡ್ಡ ಬ್ಯಾಟರಿಯಿಂದ ಅದಕ್ಕೆ ನೇರವಾಗಿ ಕರೆಂಟ್ ಬರುತ್ತದೆ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಅದು 300-400 ವೋಲ್ಟ್ ಆಸುಪಾಸು. ಬಾನೆಟ್ ತೆಗೆದರೆ ಕಾಣುವ ದಪ್ಪನೆಯ ಕಿತ್ತಳೆ ಬಣ್ಣದ ಕೇಬಲ್‌ಗಳು ಇದರವೇ. ಅವುಗಳ ಹತ್ತಿರ ಕೈ ಬೇಡ, ಸ್ಕ್ರೂಡ್ರೈವರಂತೂ ಬೇಡವೇ ಬೇಡ.

ಆ ಮೋಟರಿನ ವೈಂಡಿಂಗ್ ಗ್ಯಾಸ್ ಮತ್ತು ಆಯಿಲ್‌ನಲ್ಲೇ ನೆನೆದಿರುತ್ತದೆ. ಆದ್ದರಿಂದ ಆ ಆಯಿಲ್ ಕರೆಂಟ್ ಹರಿಯಲು ಬಿಡಬಾರದು. ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಇದಕ್ಕೆ ಪಿಒಇ ಎಂಬ ಜಾತಿಯ ಆಯಿಲ್ ಹಾಕಿರುತ್ತಾರೆ. ಪೆಟ್ರೋಲ್ ಕಾರಿನ ಎಸಿಗೆ ಸಾಮಾನ್ಯವಾಗಿ ಹಾಕುವುದು ಪಿಎಜಿ ಆಯಿಲ್. ಹೆಸರು ಹತ್ತಿರ ಹತ್ತಿರ, ಗುಣ ಬೇರೆ. ಎಲ್ಲ ಕಾರಿಗೂ ಒಂದೇ ಮೆಷಿನ್ ಬಳಸುವ ಅಂಗಡಿಯಲ್ಲಿ, ಹಿಂದಿನ ಕಾರಿಗೆ ಹಾಕಿದ ಆಯಿಲ್ ಪೈಪಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದು ನಿಮ್ಮ ಕಾರಿನೊಳಗೆ ಸೇರಿದರೆ ಇನ್ಸುಲೇಷನ್ ಕಮ್ಮಿಯಾಗುತ್ತದೆ. ಕಾರಿನ ಕಂಪ್ಯೂಟರ್ ‘ಎಲ್ಲೋ ಹೈ ವೋಲ್ಟೇಜ್ ಲೀಕ್ ಆಗ್ತಿದೆ’ ಎಂದು ಹೆದರಿ ಇಡೀ ಗಾಡಿಯನ್ನೇ ನಿಲ್ಲಿಸಿಬಿಡಬಹುದು. ಆಮೇಲೆ ಬರೀ ಗ್ಯಾಸ್ ತೆಗೆದರೆ ಸಾಲದು. ಕಂಪ್ರೆಸರ್, ಪೈಪುಗಳ ತನಕ ಬಿಲ್ ಬೆಳೆಯುತ್ತದೆ. ಹೊರಗಿನವರು ಕೈ ಹಾಕಿದ್ದಾರೆ ಅಂತ ವಾರಂಟಿಯವರೂ ಕೈ ಎತ್ತಬಹುದು.

ಇನ್ನೊಂದು ಮಾತು. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಬೆಲ್ಟ್ ಕಂಪ್ರೆಸರಿನಲ್ಲಿ ತಿರುಗುವ ಶಾಫ್ಟ್ ಹೊರಗೆ ಬರುವ ಜಾಗದ ಸೀಲ್ ಮೂಲಕ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಸೋರುವುದುಂಟು. ಎಲೆಕ್ಟ್ರಿಕ್ ಕಂಪ್ರೆಸರಿನಲ್ಲಿ ಮೋಟರ್ ಒಳಗೇ ಇರುವುದರಿಂದ ಆ ದಾರಿಯೇ ಇಲ್ಲ. ಹಾಗಾಗಿ ಗ್ಯಾಸ್ ನಿಜಕ್ಕೂ ಚೆನ್ನಾಗಿ ಕಮ್ಮಿಯಾಗಿದ್ದರೆ ಎಲ್ಲೋ ತೂತು ಬಿದ್ದಿದೆ, ಇಲ್ಲವೇ ಜಾಯಿಂಟ್ ಸಡಿಲವಾಗಿದೆ ಅಂತಲೇ ಅರ್ಥ. ಅದನ್ನು ಹುಡುಕದೆ ಮೇಲೆ ಮೇಲೆ ತುಂಬಿಸುವುದು ಸೋರುವ ಬಕೆಟಿಗೆ ನೀರು ಹಾಕಿದ ಹಾಗೆ. ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ ಆರ್-134ಎ ಗ್ಯಾಸ್ ಒಂದು ಕೆಜಿ ಗಾಳಿಗೆ ಹೋದರೆ, ಅದು ಭೂಮಿಗೆ ಸುಮಾರು 1,400 ಕೆಜಿ ಇಂಗಾಲದ ಡೈ ಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ. ಹೊಗೆ ಬಿಡದ ಕಾರು ಅಂತ ಬೀಗುವ ನಾವು ಇದನ್ನೂ ಲೆಕ್ಕ ಹಾಕಬೇಕಲ್ಲ.

ಗೊರಗುಂಟೆಪಾಳ್ಯದ ಬಿಸಿಗಾಳಿ

ನಮ್ಮದು ನಾಲ್ಕು ವರ್ಷ ಹಳೇ ಕಾರು. ಕಳೆದ ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೆ. ಚಿತ್ರದುರ್ಗ, ಹಿರಿಯೂರು, ಶಿರಾ, ಎಲ್ಲ ಕಡೆ ಎಸಿ ಚೆನ್ನಾಗೇ ಇತ್ತು. ‘ಸ್ವಲ್ಪ ಕಮ್ಮಿ ಮಾಡೋ, ಕಾಲು ಜೋಮು ಹಿಡೀತಿದೆ’ ಅಂತ ಅಮ್ಮನೇ ಹೇಳಿದ್ದರು. ನೆಲಮಂಗಲ ದಾಟಿ, ಪೀಣ್ಯ ಕಳೆದು, ಗೊರಗುಂಟೆಪಾಳ್ಯದ ಜಾಮ್‌ಗೆ ಸಿಕ್ಕಿ ಹತ್ತು ನಿಮಿಷವಾಗಿರಬೇಕು, ಗಾಳಿ ಬೆಚ್ಚಗಾಯಿತು. ಮಧ್ಯಾಹ್ನ ಮೂರು ಗಂಟೆ ಬಿಸಿಲು. ಕಿಟಕಿ ಇಳಿಸಿದರೆ ಲಾರಿ ಹೊಗೆ, ಏರಿಸಿದರೆ ಬೆವರು. ಬಿ.ಪಿ. ಮಾತ್ರೆ ತಗೊಳ್ಳುವ ಎಪ್ಪತ್ತರ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಮಾತು ನಿಲ್ಲಿಸಿದಾಗ ನನಗೆ ನಿಜವಾಗಿ ಭಯವಾಯಿತು. ಪಕ್ಕದ ಹೋಟೆಲಿಗೆ ತಿರುಗಿಸಿ, ನೆರಳಲ್ಲಿ ಕೂರಿಸಿ, ನೀರು ಮಜ್ಜಿಗೆ ಕೊಡಿಸಿದ ಮೇಲೆ ಸುಧಾರಿಸಿಕೊಂಡರು. ವಿಚಿತ್ರ ಅಂದರೆ, ಅಲ್ಲಿಂದ ಹೊರಟು ರಸ್ತೆ ಖಾಲಿ ಸಿಕ್ಕ ಕೂಡಲೇ ಎಸಿ ಮತ್ತೆ ತಣ್ಣಗಾಯಿತು!

ಮುಂದಿನ ವಾರವಿಡೀ ಆಫೀಸಿಗೆ ಹೋಗಿ ಬರುವಾಗ ಫೋನಿನಲ್ಲಿ ಬರೆದಿಟ್ಟುಕೊಂಡೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಸಿಗ್ನಲ್‌ನಲ್ಲಿ ಬಿಸಿ, ಓಡುವಾಗ ತಣ್ಣಗೆ. ಜೊತೆಗೆ ಫಾಸ್ಟ್ ಚಾರ್ಜರಿನಲ್ಲಿ ಚಾರ್ಜಿಂಗ್ ವೇಗ ಮಾಮೂಲಿಗಿಂತ ಅರ್ಧಕ್ಕೆ ಇಳಿದಿತ್ತು.

ಸರ್ವಿಸ್ ಸೆಂಟರಿನವರು ಕಾರನ್ನು ಒಂದು ಗಂಟೆ ಇಟ್ಟುಕೊಂಡು ‘ಕಂಪ್ರೆಸರ್ ಹೋಗಿದೆ’ ಎಂದರು. ಎಸ್ಟಿಮೇಟ್ ಒಂದು ಲಕ್ಷ ದಾಟಿತ್ತು. ಕಾರಿನ ಮಾಮೂಲಿ ವಾರಂಟಿ ಮುಗಿದಿತ್ತು. ‘ಕಂಪ್ರೆಸರ್ ಹೋಗಿದ್ದರೆ ಹೈವೇಯಲ್ಲಿ ಹೇಗೆ ತಣ್ಣಗಾಗುತ್ತೆ?’ ಎಂದು ಕೇಳಿದ್ದಕ್ಕೆ ಅಡ್ವೈಸರ್ ಹತ್ತಿರ ಉತ್ತರವಿರಲಿಲ್ಲ. ಫಾಲ್ಟ್ ಕೋಡ್ ಪ್ರಿಂಟ್ ಕೇಳಿದೆ, ‘ಅದೆಲ್ಲ ಕಸ್ಟಮರ್‌ಗೆ ಕೊಡಲ್ಲ ಸಾರ್’ ಎಂದರು. ಕಾರು ವಾಪಸ್ ತಂದೆ. ನಗರದ ಇನ್ನೊಂದು ತುದಿಯ ಸೆಂಟರಿನಲ್ಲಿ ನನ್ನ ಪಟ್ಟಿ ಓದಿದ ಟೆಕ್ನಿಷಿಯನ್ ಹುಡುಗ ಮೊದಲು ಮಾಡಿದ್ದೇ ಎಸಿ ಹಾಕಿ ಕಾರಿನ ಮುಂದೆ ಬಗ್ಗಿ ನೋಡಿದ್ದು. ‘ಫ್ಯಾನ್ ತಿರುಗ್ತಿಲ್ಲ ಸಾರ್.’

ಅಷ್ಟೇ. ಮುಂಭಾಗದ ಕಂಡೆನ್ಸರಿನ ಹಿಂದೆ ಇರುವ ಫ್ಯಾನಿನ ಕನೆಕ್ಟರ್‌ಗೆ ನೀರು ಹೋಗಿ ತುಕ್ಕು ಹಿಡಿದು, ಮೋಟರ್ ಸುಟ್ಟಿತ್ತು. ಕಾರು ಓಡುವಾಗ ಎದುರು ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಂತರೆ ಕಂಡೆನ್ಸರ್ ಕಾಯುತ್ತದೆ, ಗ್ಯಾಸಿನ ಒತ್ತಡ ಏರುತ್ತದೆ. ಅಪಾಯ ಬೇಡ ಅಂತ ಕಂಪ್ರೆಸರ್ ತಾನೇ ಆಫ್ ಆಗುತ್ತದೆ. ಅಂದರೆ ನಮ್ಮ ಕಂಪ್ರೆಸರ್ ತನ್ನನ್ನು ತಾನು ಉಳಿಸಿಕೊಳ್ಳುತ್ತಿತ್ತು! ಒಟ್ಟು ಬಿಲ್ಲು ಮೊದಲ ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಚಾರ್ಜಿಂಗ್ ವೇಗವೂ ಮೊದಲಿನಂತಾಯಿತು.

ಎಸಿಗೂ ಚಾರ್ಜಿಂಗಿಗೂ ಏನು ನಂಟು?

ಬ್ಯಾಟರಿಯನ್ನು ಕೂಲೆಂಟ್ ಹರಿಸಿ ತಣ್ಣಗಿಡುವ ಹಲವು ಕಾರುಗಳಲ್ಲಿ, ಆ ಕೂಲೆಂಟನ್ನು ತಣ್ಣಗೆ ಮಾಡುವುದೂ ಇದೇ ಎಸಿ ಗ್ಯಾಸೇ. ನಮ್ಮ ಎಸಿ ಒಂದೇ ಸಮಯಕ್ಕೆ ಇಬ್ಬರಿಗೆ ದುಡಿಯುತ್ತದೆ: ಒಳಗೆ ಕೂತ ನಮಗೆ, ಕೆಳಗೆ ಮಲಗಿರುವ ಬ್ಯಾಟರಿಗೆ. ಇಬ್ಬರಿಗೂ ಸಾಲದೆ ಬಂದಾಗ ಕಾರು ಬ್ಯಾಟರಿಯ ಪರ ನಿಲ್ಲುತ್ತದೆ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ಬಿಸಿಲಲ್ಲಿ ಫಾಸ್ಟ್ ಚಾರ್ಜ್ ಹಾಕಿ ಒಳಗೆ ಕೂತರೆ ಗಾಳಿ ಅಷ್ಟು ತಣ್ಣಗಿರದಿದ್ದರೆ ಅದು ರಿಪೇರಿಯಲ್ಲ, ಕಾರಿನ ಲೆಕ್ಕಾಚಾರ. ಚಾರ್ಜ್ ತೀರಾ ತಳಕ್ಕೆ ಬಂದಾಗ, ಇಕೋ ಮೋಡ್‌ನಲ್ಲಿದ್ದಾಗ ಎಸಿ ಬಲ ತಗ್ಗಿಸುವ ಕಾರುಗಳೂ ಇವೆ. ಆದರೆ ಎಸಿಯೂ ಸೋತು, ಚಾರ್ಜಿಂಗೂ ನಿಧಾನವಾಗಿದ್ದರೆ ಮುಂದೂಡಬೇಡಿ. ಅದು ಬರೀ ಸೆಖೆಯ ಪ್ರಶ್ನೆಯಾಗಿ ಉಳಿದಿರುವುದಿಲ್ಲ.

ನೀವೇ ನೋಡಬಹುದಾದದ್ದು

ಗಾಳಿಯೇ ಕಮ್ಮಿ ಬರುತ್ತಿದೆಯೋ, ಗಾಳಿ ಜೋರಾಗಿದ್ದೂ ತಣ್ಣಗಿಲ್ಲವೋ? ಎರಡೂ ಬೇರೆ ಬೇರೆ ಕಾಯಿಲೆ. ಗಾಳಿ ಕಮ್ಮಿ ಅಂದರೆ ಮೊದಲ ಅನುಮಾನ ಕ್ಯಾಬಿನ್ ಫಿಲ್ಟರ್ ಮೇಲೆ. ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಮ್ಯಾನ್ಯುಯಲ್ ನೋಡಿಕೊಂಡು ನೀವೇ ಬದಲಿಸಬಹುದು. ಮೆಟ್ರೊ ಕಾಮಗಾರಿಯ ಧೂಳಿನಲ್ಲಿ ದಿನಾ ಓಡಾಡುವವರು ವರ್ಷ ಕಾಯುವುದೂ ಬೇಡ. ನಾನು ತೆಗೆದ ಫಿಲ್ಟರಿನಲ್ಲಿ ಹೊಂಗೆ ಎಲೆ, ಒಂದು ಪಾರಿವಾಳದ ಪುಕ್ಕ ಎರಡೂ ಸಿಕ್ಕವು.

ಗಾಳಿ ಜೋರಾಗಿದ್ದೂ ಬಿಸಿಯಿದ್ದರೆ ಸ್ಕ್ರೀನ್ ನೋಡಿ. ಎಸಿ ಎಷ್ಟು ಕಿಲೋವ್ಯಾಟ್ ಎಳೆಯುತ್ತಿದೆ ಅಂತ ಕೆಲವು ಕಾರುಗಳು ತೋರಿಸುತ್ತವೆ. ಬಿಸಿಲಲ್ಲಿ ನಿಂತ ಕಾರು ಶುರುವಿನಲ್ಲಿ 2-3 ಕಿಲೋವ್ಯಾಟ್ ಎಳೆದು, ಒಳಗೆ ತಣ್ಣಗಾದ ಮೇಲೆ 1ರ ಆಸುಪಾಸಿಗೆ ಇಳಿಯಬೇಕು. ಸೊನ್ನೆ ತೋರಿಸಿದರೆ ಕಂಪ್ರೆಸರ್ ಓಡುತ್ತಲೇ ಇಲ್ಲ: ಸೆನ್ಸರ್, ಒತ್ತಡ, ವಿದ್ಯುತ್ ಕಡೆಯ ಸಮಸ್ಯೆ. ಚೆನ್ನಾಗಿ ಕರೆಂಟ್ ಎಳೆಯುತ್ತಿದ್ದೂ ಗಾಳಿ ಬಿಸಿಯಿದ್ದರೆ ಗ್ಯಾಸ್, ಕಂಡೆನ್ಸರ್ ಅಥವಾ ಒಳಗಿನ ಫ್ಲಾಪ್ ಮೇಲೆ ಅನುಮಾನ. ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ, ಡ್ಯಾಶ್‌ಬೋರ್ಡಿನೊಳಗೆ ಟಿಕ್ ಟಿಕ್ ಸದ್ದು ಅಂದರೆ ಬಹುಪಾಲು ಫ್ಲಾಪ್ ತಿರುಗಿಸುವ ಪುಟ್ಟ ಮೋಟರಿನದೇ ಕಿತಾಪತಿ.

ಕಾರಿನ ಮುಂಭಾಗದ ಜಾಲರಿಯಲ್ಲಿ ಕೆಸರು, ಹುಳು ಕಟ್ಟಿಕೊಂಡಿದೆಯಾ ನೋಡಿ. ಕಾರು ಆಫ್ ಮಾಡಿ, ಹೊರಗಿನಿಂದ ಮೆಲ್ಲಗೆ ಪೈಪ್ ನೀರು ಬಿಟ್ಟರೆ ಸಾಕು. ವಾಟರ್ ವಾಶ್ ಹುಡುಗರು ಜೆಟ್ ಹಿಡಿದು ನಿಂತರೆ ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಬಾನೆಟ್ ಒಳಗಂತೂ ಜೆಟ್ ಬಿಡಲೇಬೇಡಿ.

ಎಸಿ ಜೊತೆಗೆ ಇನ್ನೂ ನಾಲ್ಕು ಸಂಬಂಧವಿಲ್ಲದ ವಾರ್ನಿಂಗ್ ಒಟ್ಟಿಗೆ ಬಂದರೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಪರೀಕ್ಷೆ ಮಾಡಿಸಿ. ಎಲೆಕ್ಟ್ರಿಕ್ ಕಾರಿನಲ್ಲೂ ಅದು ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಪಾದದ ಹತ್ತಿರ ಮ್ಯಾಟ್ ಒದ್ದೆಯಾಗಿದ್ದರೆ ಕೂಲಿಂಗ್ ಕಾಯಿಲಿನ ನೀರು ಹೊರಹೋಗುವ ಪೈಪ್ ಕಟ್ಟಿದೆ. ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಮಾತ್ರ ಸಹಜ, ಅದಕ್ಕೆ ಗಾಬರಿ ಬೇಡ. ಹಾಕಿದ ಕೂಡಲೇ ಹಳೇ ಸಾಕ್ಸ್ ವಾಸನೆ ಬಂದರೆ ಕಾಯಿಲಿನಲ್ಲಿ ಬೂಸ್ಟು. ಮನೆ ತಲುಪುವ ಎರಡು ಮೂರು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಟ್ಟರೆ ಕಾಯಿಲ್ ಒಣಗಿ ಬೂಸ್ಟು ಕಟ್ಟುವುದು ಕಮ್ಮಿಯಾಗುತ್ತದೆ.

ಒಂದು ಸಲ ಮಾತ್ರ ಕೈಕೊಟ್ಟಿದ್ದರೆ ಕಾರು ಆಫ್ ಮಾಡಿ, ಲಾಕ್ ಮಾಡಿ, ಕಾಲು ಗಂಟೆ ಬಿಟ್ಟು ನೋಡಿ. ಸಾಫ್ಟ್‌ವೇರಿನ ತಾತ್ಕಾಲಿಕ ತಕರಾರಾದರೆ ಅಷ್ಟಕ್ಕೇ ಹೋಗುತ್ತದೆ. ವಾರಕ್ಕೆರಡು ಸಲ ಹೀಗೆ ಮಾಡಬೇಕಾಗಿ ಬಂದರೆ ಅದು ತಾತ್ಕಾಲಿಕ ಅಲ್ಲ.

ಮತ್ತೆ, ರೇಂಜ್ ಉಳಿಸಲು ಎಸಿ ಆಫ್ ಮಾಡಿಕೊಂಡು ಬೇಯುವ ಸ್ನೇಹಿತರಿಗೆ ಒಂದು ಲೆಕ್ಕ: ಗಂಟೆಗೆ 1 ಯೂನಿಟ್ ಖರ್ಚಾದರೆ, ಯೂನಿಟ್‌ಗೆ 7 ಕಿ.ಮೀ. ಓಡುವ ಕಾರಿನಲ್ಲಿ ಹೋಗುವುದು 7 ಕಿ.ಮೀ. ಅಷ್ಟಕ್ಕಾಗಿ ಮಕ್ಕಳನ್ನೂ ಹಿರಿಯರನ್ನೂ ಬೇಯಿಸಬೇಡಿ. ಮನೆಯಲ್ಲಿ ಚಾರ್ಜಿಗೆ ಹಾಕಿರುವಾಗಲೇ ಆ್ಯಪಿನಿಂದ ಎಸಿ ಆನ್ ಮಾಡಿದರೆ ಶುರುವಿನ ಆ ಹೆಚ್ಚಿನ ಖರ್ಚೂ ಬಹುಪಾಲು ಮನೆ ಕರೆಂಟಿನಿಂದಲೇ ಹೋಗುತ್ತದೆ.

ಸರ್ವಿಸ್ ಸೆಂಟರಿನಲ್ಲಿ

ಜಾಬ್ ಕಾರ್ಡಿನಲ್ಲಿ ‘ಎಸಿ ನಾಟ್ ಕೂಲಿಂಗ್’ ಅಂತ ಮೂರು ಪದ ಬರೆಯಲು ಬಿಡಬೇಡಿ. ಯಾವಾಗ, ನಿಂತಾಗಲೋ ಓಡುವಾಗಲೋ, ಚಾರ್ಜ್ ಎಷ್ಟಿತ್ತು, ಸ್ಕ್ರೀನ್ ಏನು ತೋರಿಸಿತು, ಇಷ್ಟನ್ನೂ ಬರೆಸಿ. ಫೋಟೊ ಇದ್ದರೆ ಕಳಿಸಿ. ಫಾಲ್ಟ್ ಕೋಡ್ ತೋರಿಸಿ ಎಂದು ಕೇಳಿ. ಗ್ಯಾಸ್ ಹಾಕಬೇಕು ಎಂದರೆ, ಲೀಕ್ ಟೆಸ್ಟ್ ಮಾಡಿದಿರಾ, ನೈಟ್ರೋಜನ್ ಹಾಕಿ ಒತ್ತಡ ನಿಲ್ಲುತ್ತಾ ನೋಡಿದಿರಾ ಎಂದು ಕೇಳಿ. ಯಾವ ಆಯಿಲ್, ಎಲೆಕ್ಟ್ರಿಕ್ ಕಾರಿಗೆ ಬೇರೆ ಮೆಷಿನ್ ಇದೆಯಾ, ಅದನ್ನೂ ಕೇಳಿ. ಎಷ್ಟು ಗ್ರಾಂ ಹಾಕಬೇಕು ಅಂತ ಸಾಮಾನ್ಯವಾಗಿ ಬಾನೆಟ್ ಒಳಗಿನ ಸ್ಟಿಕರಿನಲ್ಲೇ ಇರುತ್ತದೆ. ತೂಕ ಹಾಕಿಯೇ ತುಂಬಬೇಕು. ಅಂದಾಜಿಗೆ ಜಾಸ್ತಿ ತುಂಬಿದರೂ ಕೂಲಿಂಗ್ ಕೆಡುತ್ತದೆ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಕಡೆ ಲಕ್ಷ ರೂಪಾಯಿ ಕೆಲಸ ಮಾಡಿಸುವುದು ನನಗಂತೂ ಸರಿ ಕಾಣಲ್ಲ.

ಎಸಿ ಬೇಸಿಗೆಯ ವಸ್ತು ಅಂದುಕೊಂಡು ಜೂನ್ ತನಕ ತಳ್ಳುವವರೂ ಇದ್ದಾರೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಳೆ ಹಿಡಿದಾಗ ಗಾಜಿನ ಒಳಗೆ ಕಟ್ಟುವ ಮಂಜನ್ನು ಬೇಗ ತೆಗೆಯಲೂ ಇದೇ ಕಂಪ್ರೆಸರ್ ಬೇಕು, ಗಾಳಿಯ ತೇವ ಹಿಂಡುವುದು ಅದೇ. ಆ ಗಾಳಿಯನ್ನು ಬೆಚ್ಚಗೆ ಮಾಡಲು ಇಂಜಿನ್ನಿನ ಬಿಸಿ ಇಲ್ಲದ ಕಾರಣ ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ವಿದ್ಯುತ್ ಹೀಟರ್ ಇರುತ್ತದೆ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಬಟನ್ ಅದು. ಈ ತಿಂಗಳು ಒಂದು ಬೆಳಿಗ್ಗೆ ಅದನ್ನು ಐದು ನಿಮಿಷ ಪೂರ್ತಿ ಬಿಸಿಗೆ ತಿರುಗಿಸಿ, ಬೆಚ್ಚನೆ ಗಾಳಿ ಬರುತ್ತಾ ನೋಡಿಬಿಡಿ. ಬರದಿದ್ದರೆ ಎಸಿ ಕೆಲಸದ ಜೊತೆಗೇ ಅದನ್ನೂ ಜಾಬ್ ಕಾರ್ಡಿಗೆ ಸೇರಿಸಿ.