ಮುಚ್ಚಿರಬೇಕು, ಬೀಗ ಹಾಕಿರಬಾರದು

ತಾವರೆಕೆರೆಯಿಂದ ಶಿರಾ ಕಡೆಗೆ ಹೊರಟರೆ ಹೆದ್ದಾರಿ ಬದಿಯಲ್ಲಿ ಮೂರು ನಾಲ್ಕು ಮಹಡಿಯ ಕಟ್ಟಡಗಳು ಸಿಗುತ್ತವೆ. ಕೆಳಗೆ ಅಂಗಡಿ, ಮಧ್ಯೆ ಕ್ಲಿನಿಕ್ಕು, ಮೇಲೆ ಲಾಡ್ಜು. ಅಂಥದ್ದೊಂದರ ಎರಡನೇ ಮಹಡಿಯಲ್ಲಿ ಮೊನ್ನೆ ಒಳ್ಳೆಯ ಉಕ್ಕಿನ ಫೈರ್ ಡೋರ್ ಕಂಡೆ. ಅದರ ಹಿಡಿಯನ್ನು ನೈಲಾನ್ ಹಗ್ಗದಿಂದ ಮೆಟ್ಟಿಲ ಕಂಬಿಗೆ ಬಿಗಿದಿದ್ದರು, ಕೆಳಗೆ ಇಟ್ಟಿಗೆ ಒತ್ತು ಕೊಟ್ಟಿದ್ದರು. ತಾನಾಗಿ ಮುಚ್ಚಿಕೊಳ್ಳಲೆಂದು ಕೂರಿಸಿದ್ದ ಡೋರ್ ಕ್ಲೋಸರ್‌ನ ತೋಳು ಕಳಚಿ ನೇತಾಡುತ್ತಿತ್ತು. ಕೇಳಿದರೆ, “ಬೆಂಕಿ ಬಿದ್ರೆ ಜನ ಓಡ್‌ಬೇಕಲ್ಲ ಸಾರ್, ಅದಕ್ಕೇ ತೆಗ್ದೇ ಇಕ್ಕಿರ್ತೀವಿ” ಎಂದರು.

ನನಗೆ ಸಿಟ್ಟು ಬರುವುದು ಈ ಮಾತಿಗೇ. ಮಧುಗಿರಿಯಲ್ಲೂ ಇದನ್ನೇ ಕೇಳಿದ್ದೇನೆ, ಪಾವಗಡದಲ್ಲೂ ಇದನ್ನೇ. ಓದಿದವರೂ ಹೇಳುತ್ತಾರೆ, ಕಟ್ಟಡ ಕಟ್ಟಿಸಿದವರೂ ಹೇಳುತ್ತಾರೆ. ಫೈರ್ ಡೋರ್ ಎಂದರೆ ಓಡಿಹೋಗುವ ದಾರಿ, ಆದ್ದರಿಂದ ತೆರೆದೇ ಇರಬೇಕು ಎಂಬ ನಂಬಿಕೆ.

ಓಡುವ ದಾರಿ ಮೆಟ್ಟಿಲು. ಆ ಮೆಟ್ಟಿಲಿಗೆ ಹೊಗೆ ನುಗ್ಗದಂತೆ ಕಾಯುವುದು ಬಾಗಿಲು. ಬೆಂಕಿಯ ಅನಾಹುತಗಳಲ್ಲಿ ಹೆಚ್ಚಿನ ಜೀವ ಹೋಗುವುದು ಉರಿ ಮುಟ್ಟುವ ಮೊದಲೇ, ಹೊಗೆ ಕುಡಿದು. ಅದರೊಳಗಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿ ಹೊಗೆ ಮೇಲಕ್ಕೇ ಏರುವುದರಿಂದ ಬಾಗಿಲು ತೆರೆದಿಟ್ಟ ಮೆಟ್ಟಿಲು ಕ್ಷಣದಲ್ಲಿ ಹೊಗೆಗೂಡಾಗುತ್ತದೆ. ಹಸಿ ಸೌದೆ ಹೊಗೆಯಾಡಿದಾಗ ನಮ್ಮ ಅಜ್ಜಿಯಂದಿರು ಮೊದಲು ಅಡುಗೆಮನೆಯ ಕದ ಎಳೆದು ನಡುಮನೆ ಉಳಿಸಿಕೊಳ್ಳುತ್ತಿದ್ದರು. ಫೈರ್ ಡೋರ್ ಮಾಡುವುದೂ ಅದೇ ಕೆಲಸ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಅದರಿಂದ ಬಯಸುವುದು 120 ನಿಮಿಷದ ತಡೆ. ಆ ತಡೆಯನ್ನು ಅಳೆಯಲು ಬಾಗಿಲನ್ನು ಪರೀಕ್ಷಿಸುವ ಕುಲುಮೆಯ ಬಿಸಿ ಅರ್ಧ ಗಂಟೆಗೆ ಸುಮಾರು 840 ಡಿಗ್ರಿ ಸೆಲ್ಸಿಯಸ್, ಎರಡು ಗಂಟೆಗೆ ಸುಮಾರು 1050 ಡಿಗ್ರಿ ಮುಟ್ಟುತ್ತದೆ. ಅಷ್ಟು ತಾಳುವಂತೆ ಮಾಡಿದ ಬಾಗಿಲನ್ನು ಒಂದು ಇಟ್ಟಿಗೆ ನಿಷ್ಪ್ರಯೋಜಕ ಮಾಡಿಬಿಡುತ್ತದೆ.

ಹಾಗೆಂದು ಬೀಗ ಜಡಿಯುವುದು ಇನ್ನೂ ದೊಡ್ಡ ತಪ್ಪು. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿರಲಿ. 2010ರ ಫೆಬ್ರವರಿ 23ರಂದು ಅಲ್ಲಿನ ವಿದ್ಯುತ್ ಶಾಫ್ಟ್‌ನಲ್ಲಿ ಹತ್ತಿದ ಬೆಂಕಿಯ ಹೊಗೆ ಮಹಡಿ ಮಹಡಿಗೂ ಹರಡಿತು. ಉಸಿರು ಸಿಗದೆ ಜನ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಮಂದಿ ತೀರಿಕೊಂಡರು. ಹೊರಬೀಳುವ ದಾರಿಗಳಿಗೆ ಬೀಗ ಬಿದ್ದಿತ್ತು ಎಂಬ ದೂರು ಆಗ ಎದ್ದಿತು. ಹೊರದಾರಿಯ ಬಾಗಿಲು ಒಳಗಿದ್ದವರಿಗೆ ಕೀಲಿಕೈ ಇಲ್ಲದೆ ತೆರೆಯಬೇಕು ಎಂದು ಸಂಹಿತೆ ಹೇಳುವುದು ಇಂಥ ಗಳಿಗೆಗಾಗಿಯೇ. ಕಳ್ಳರ ಭಯವಿದ್ದರೆ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಹಾಕಿಸಿ. ದಿನವಿಡೀ ಓಡಾಟವಿರುವ ಕಡೆ ಬಾಗಿಲನ್ನು ತೆರೆದು ಹಿಡಿದಿದ್ದು, ಅಲಾರಂ ಹೊಡೆದೊಡನೆ ಬಿಟ್ಟುಬಿಡುವ ಆಯಸ್ಕಾಂತ ಸಿಗುತ್ತದೆ. ಇಟ್ಟಿಗೆಗೆ ಅಲಾರಂ ಕೇಳಿಸುವುದಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ದಪ್ಪ ತೇಗದ ಬಾಗಿಲಿದ್ದರಾಯಿತು ಎನ್ನುತ್ತಾರೆ: ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬಾಗಿಲು ಎಷ್ಟೇ ದಪ್ಪವಿದ್ದರೂ ಫೈರ್ ಡೋರ್ ಅಲ್ಲ. ಹೊಸ ಬಾಗಿಲು ತಂದು ಹಳೇ ಚೌಕಟ್ಟಿಗೆ ಕೂರಿಸಬಹುದು ಎನ್ನುತ್ತಾರೆ: ಬಾಗಿಲು, ಚೌಕಟ್ಟು, ಕೀಲು, ಬೀಗ ಎಲ್ಲವನ್ನೂ ಒಂದೇ ಜೋಡಣೆಯಾಗಿ ಪರೀಕ್ಷಿಸಿರುತ್ತಾರೆ, ಒಂದು ಬದಲಾದರೂ ಆ 120 ನಿಮಿಷಕ್ಕೆ ಭರವಸೆ ಇಲ್ಲ. ಅಂಚಿನ ಪಟ್ಟಿ ಬರೀ ಪ್ಯಾಕಿಂಗ್ ಎಂದು ಕಿತ್ತೆಸೆಯುತ್ತಾರೆ: ಬಿಸಿ ತಾಗಿದಾಗ ಉಬ್ಬಿ ಸಂದು ಮುಚ್ಚುವುದು ಆ ಪಟ್ಟಿಯೇ. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿಗೆ ಸಾಮಾನ್ಯ ಫೋಮ್ ತುಂಬುತ್ತಾರೆ: ಅದು ತಾನೇ ಹೊತ್ತಿ ಉರಿಯುತ್ತದೆ.

ಇದೆಲ್ಲದರ ಬೇರು ಒಂದೇ. ಯಾರೋ ಹೇಳಿದ್ದನ್ನು ನಂಬುತ್ತೇವೆ, ಬಾಗಿಲನ್ನು ಕೈಯಿಂದ ತಳ್ಳಿ ನೋಡುವುದಿಲ್ಲ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಕಾಗದ ಗೋಡೆಗೆ ಬಿದ್ದರೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಅಂಗಡಿ ತೆರೆಯುವ ದಿನ ಹೊಸ್ತಿಲಲ್ಲಿ ಬೂದುಗುಂಬಳ ಒಡೆಯುತ್ತೇವೆ, ಒಡೆಯೋಣ. ಅದೇ ದಿನ ಮೆಟ್ಟಿಲ ಬಾಗಿಲನ್ನೂ ಒಮ್ಮೆ ತೆರೆದು ಕೈಬಿಟ್ಟು, ತಾನಾಗಿ ಪೂರ್ತಿ ಮುಚ್ಚಿಕೊಂಡಿತೇ ಎಂದು ನೋಡಲು ಅರ್ಧ ನಿಮಿಷ ಸಾಕು.

ತಾವರೆಕೆರೆಯಂಥ ಊರಿಗೆ ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು. ಅದು ಬರುವವರೆಗೆ ಮೇಲಿನ ಮಹಡಿಯವರನ್ನು ಕಾಯುವುದು ಆ ಬಾಗಿಲು. ನಿಮ್ಮ ಕಟ್ಟಡದಲ್ಲಿ ಅಂಥದ್ದಿದ್ದರೆ ಇವತ್ತೇ ಇಟ್ಟಿಗೆ ತೆಗೆಯಿರಿ, ಬೀಗವನ್ನೂ ತೆಗೆಯಿರಿ.